ಮನೆಯೊಂದೇ ಉಳಿದರೆ ಸಾಲದು, ತೋಟವೂ ಜೊತೆಗಿರಲಿ

ಮಾನ್ಯ ಸಂಪಾದಕರೇ,

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯ ಹಳೆಯ ಹಂಚಿನ ಮನೆಗಳು ಒಂದೊಂದಾಗಿ ನೆಲಸಮ ಆಗುತ್ತಿವೆ. ಉಳಿಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಆದರೆ ವರ್ಷ ವರ್ಷ ಸೂರು ರಿಪೇರಿ ಮಾಡಿಸುವ ದುಡ್ಡು ಎಲ್ಲಿಂದ ಬರಬೇಕು ಎಂದ ಕೂಡಲೇ ಮಾತು ನಿಂತುಹೋಗುತ್ತದೆ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಇದಕ್ಕಾಗಿಯೇ ಒಂದು ಧರ್ಮಾರ್ಥ ಟ್ರಸ್ಟ್ ಬೇಕು. ಅದು ಬರೀ ಮನೆಯನ್ನಲ್ಲ, ಮನೆಯ ಜೊತೆ ಅಡಕೆ ತೋಟವನ್ನೂ ವಹಿಸಿಕೊಳ್ಳಬೇಕು.

ನಮ್ಮ ಕಡೆ ಮನೆ ಬೇರೆ, ತೋಟ ಬೇರೆ ಅಂತ ಇಲ್ಲವೇ ಇಲ್ಲ. ಬೆಟ್ಟದ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಬರುತ್ತದೆ. ಕೊಟ್ಟಿಗೆಯ ಗೊಬ್ಬರ ತೋಟಕ್ಕೆ ಹೋಗುತ್ತದೆ. ತೋಟದ ಅಡಕೆ ಕೊನೆ ಅಂಗಳಕ್ಕೆ ಬಂದು ಬೀಳುತ್ತದೆ. ಜಗಲಿ ಅಷ್ಟುದ್ದ ಇರುವುದು ಸಾಲಾಗಿ ಕೂತು ಅಡಕೆ ಸುಲಿಯಲಿಕ್ಕೂ ಹೌದು, ಅಂಗಳ ಅಷ್ಟಗಲ ಇರುವುದು ಬೇಯಿಸಿದ ಅಡಕೆ ಒಣಗಿಸಲಿಕ್ಕೂ ಹೌದು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟದ್ದು ಇದೇ ಲೆಕ್ಕದಲ್ಲಿ. ಬೆಟ್ಟ ಸರ್ಕಾರದ್ದು, ಸೊಪ್ಪು ತರುವ ಹಕ್ಕು ಮಾತ್ರ ತೋಟಕ್ಕೆ ಸೇರಿದ್ದು. ತೋಟ ಕೈಬಿಟ್ಟರೆ ಆ ಹಕ್ಕೂ ಹೋಯಿತು, ಹಂಚು ಬದಲಿಸುವ ದುಡ್ಡೂ ಹೋಯಿತು.

ಸಿದ್ದಾಪುರ ಕಡೆಯ ಒಂದು ಮನೆ ಹೀಗೇ ಹಾಳಾದದ್ದನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹಿಸ್ಸೆ ಆದಾಗ ತೋಟ ಒಬ್ಬರ ಪಾಲಿಗೆ, ಮನೆ ಇನ್ನೊಬ್ಬರ ಪಾಲಿಗೆ ಬಂತು. ಮನೆ ಸಿಕ್ಕವರು ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದರು. ಸೂರಿನ ತುದಿಯ ನಾಲ್ಕು ಹಂಚು ಜಾರಿದವು, ಯಾರೂ ನೋಡಲಿಲ್ಲ. ನೀರು ಸೀದಾ ಮಣ್ಣಿನ ಗೋಡೆಯ ತಲೆಗೆ ಇಳಿಯಿತು. ಅದರ ಮರುವರ್ಷವೇ ತೊಲೆಗೆ ಒರಲೆ ಹತ್ತಿತು. ಕೊನೆಗೆ ಕೆತ್ತನೆಯ ಕಂಬ, ಬಾಗಿಲುಗಳನ್ನು ಕಿತ್ತು ಲಾರಿಗೆ ಹೇರಿದರು. ಗಟ್ಟಿಯಾಗಿದ್ದ ಹೊನ್ನೆ ಕಂಬವನ್ನು ಬುಡದ ಕಲ್ಲಿನ ಕುಂಬಿಯಿಂದ ಎಬ್ಬಿಸಲು ಆರೇಳು ಆಳು ಬೇಕಾಯಿತು. ಆ ಮನೆಯವರನ್ನು ನಾನು ದೂರುವುದಿಲ್ಲ. ಸಂಬಳದಲ್ಲಿ ಬದುಕುವವರು ಅಷ್ಟು ದೊಡ್ಡ ಸೂರನ್ನು ಎಷ್ಟು ವರ್ಷ ಸಾಕಿಯಾರು?

ಇಂಗ್ಲೆಂಡಿನಲ್ಲಿ ಇದೇ ಕಷ್ಟ ಬಂದಿತ್ತು. ಅಲ್ಲಿ ಹಳೆಯ ಮನೆ, ಜಾಗಗಳನ್ನು ಕಾಯುವ ನ್ಯಾಷನಲ್ ಟ್ರಸ್ಟ್ ಹುಟ್ಟಿದ್ದು 1895ರಲ್ಲಿ. ಮರುವರ್ಷ ಆಲ್ಫ್ರಿಸ್ಟನ್ ಊರಿನ ಹಳೆಯ ಪಾದ್ರಿ ಮನೆಯನ್ನು ಬರೀ 10 ಪೌಂಡಿಗೆ ಕೊಂಡರು. 1907ರ ಕಾಯ್ದೆಯಿಂದ ತನ್ನ ಆಸ್ತಿಯನ್ನು ಯಾರೂ ಮಾರುವಂತಿಲ್ಲ ಎಂದು ಘೋಷಿಸುವ ಅಧಿಕಾರ ಟ್ರಸ್ಟಿಗೆ ಸಿಕ್ಕಿತು. ಆಮೇಲೆ ವಾರಸಾ ತೆರಿಗೆಯ ಭಾರಕ್ಕೆ ಹಳ್ಳಿಯ ದೊಡ್ಡ ಮನೆಗಳು ಬೀಳತೊಡಗಿದವು. ಆಗ 1937ರಲ್ಲಿ ಕಾಯ್ದೆಗೆ ಇನ್ನಷ್ಟು ಸೇರಿಸಿದರು. ಮನೆತನದವರು ಮನೆಯನ್ನು ಟ್ರಸ್ಟಿಗೆ ಕೊಟ್ಟು ತಾವು ಅಲ್ಲೇ ವಾಸ ಮುಂದುವರಿಸಬಹುದು, ಜನರಿಗೂ ನೋಡಲು ಅವಕಾಶ ಕೊಡಬೇಕು. ಆದರೆ ಮನೆ ನಡೆಸುವಷ್ಟು ಆದಾಯವನ್ನೂ ಜೊತೆಗೆ ಕೊಡಬೇಕು. ಲಾರ್ಡ್ ಲೋಥಿಯನ್ 1940ರಲ್ಲಿ ತೀರಿಕೊಂಡಾಗ ಬ್ಲಿಕ್ಲಿಂಗ್ ಮನೆಯನ್ನು ಅದರ ಹೊಲ, ಕಾಡು, ಒಕ್ಕಲು ಮನೆಗಳ ಸಮೇತ ಟ್ರಸ್ಟಿಗೆ ಬಿಟ್ಟುಹೋದರು. ನಾವು ಹಿಡಿದುಕೊಳ್ಳಬೇಕಾದ್ದು ಆ "ಸಮೇತ"ವನ್ನೇ.

ನಮ್ಮ ಪಕ್ಕದಲ್ಲೇ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಬೀಳಲಿದ್ದ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಅವರು ಮಾಡದಿದ್ದರೆ ಅವು ಸೌದೆಯಾಗುತ್ತಿದ್ದವು. ಅದಕ್ಕೆ ಎಷ್ಟು ಕೃತಜ್ಞತೆ ಹೇಳಿದರೂ ಕಮ್ಮಿಯೇ. ಆದರೂ ಮನೆ ತನ್ನ ಜಾಗದಲ್ಲೇ, ತೋಟದ ಅಂಚಿನಲ್ಲೇ ನಿಂತಿದ್ದರೆ ಎಷ್ಟು ಚೆನ್ನ ಅಲ್ವಾ?

ಸರ್ಕಾರ ನೋಡಿಕೊಳ್ಳಲಿ ಎನ್ನುವವರಿದ್ದಾರೆ. ಮಿರ್ಜಾನ್ ಕೋಟೆಯಂಥ ಸ್ಮಾರಕವನ್ನು ಪುರಾತತ್ವ ಇಲಾಖೆ ಕಾಯುತ್ತದೆ. ಜನ ಇನ್ನೂ ವಾಸವಿರುವ ಮನೆಯ ಹಂಚು ಬದಲಿಸಲು ಇಲಾಖೆ ಬರುವುದಿಲ್ಲ, ಬರಬೇಕೆಂದೂ ಇಲ್ಲ. ಇನ್ನು ಟ್ರಸ್ಟ್ ಕೃಷಿ ಜಮೀನು ಇಟ್ಟುಕೊಳ್ಳಲು ಭೂಸುಧಾರಣಾ ಕಾಯ್ದೆಯ 79ಬಿ ಕಲಮು ಅಡ್ಡವಾಗಿತ್ತು. 2020ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಆ ತಿದ್ದುಪಡಿಯ ಬಗ್ಗೆ ರೈತರಿಗೆ ಭಯ ಇದೆ, ನನಗೂ ಇದೆ. ಹಾಗಾಗಿ ತೋಟ ಮಾರುವಂತಿಲ್ಲ, ರೆಸಾರ್ಟ್ ಮಾಡುವಂತಿಲ್ಲ, ತೋಟವಾಗಿಯೇ ನಡೆಸಬೇಕು ಎಂದು ಟ್ರಸ್ಟ್ ಪತ್ರದಲ್ಲೇ ಬರೆಯಬೇಕು. ಮನೆಯ ಹಿರಿಯರಿಗೆ ಬದುಕಿರುವವರೆಗೂ ಅಲ್ಲೇ ಇರುವ ಹಕ್ಕು ಬೇಕು. ಲೆಕ್ಕಪತ್ರ ಪ್ರತಿ ವರ್ಷ ಊರಿನವರ ಮುಂದಿಡಬೇಕು.

ತೋಟದ ಆದಾಯವನ್ನೇ ಪೂರ್ತಿ ನಂಬುವಂತಿಲ್ಲ ಎಂಬುದೂ ನಿಜ. ಕೊಳೆರೋಗ ಮೊದಲಿಂದಲೂ ಇತ್ತು, ಈಗ ಎಲೆಚುಕ್ಕೆ ರೋಗ ಬೇರೆ. ಅಡಕೆ ಕೈಕೊಟ್ಟ ವರ್ಷಕ್ಕೆ ಕೈಯಾಸರೆಯಾಗಿ ಒಂದಿಷ್ಟು ಮೂಲನಿಧಿ ಇರಲೇಬೇಕು. ಪಟ್ಟಣ ಸೇರಿದ ನಮ್ಮ ಮಕ್ಕಳು ಅದಕ್ಕೆ ಕೊಡಬಹುದು.

ಟ್ರಸ್ಟಿನಿಂದ ಇನ್ನೊಂದು ಅನುಕೂಲ ಇದೆ. ಹಳೆಯ ಕೆಲಸ ಬಲ್ಲ ಕೈಗಳು ಉಳಿಯುತ್ತವೆ. ಕುಮಟಾ, ಅಂಕೋಲೆ ಕಡೆಯ ಕಾವಿ ಕಲೆಯನ್ನೇ ನೋಡಿ. ಸುಣ್ಣದ ಗಾರೆಯ ಮೇಲೆ ಕಾವಿ ಬಣ್ಣದ ಪದರ ಬಳಿದು, ಹಸಿ ಇರುವಾಗಲೇ ಕಬ್ಬಿಣದ ಮೊನೆಯಿಂದ ಕೆರೆಯುತ್ತಾರೆ. ಕೆರೆದ ಕಡೆ ಅಡಿಯ ಬಿಳಿ ಕಾಣುತ್ತದೆ, ಉಳಿದದ್ದು ಕೆಂಪು. ಅಂಥ ಗೋಡೆಗೆ ಬಿರುಕು ಬಂದಾಗ ಸುಮ್ನೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರದೆ ಗಾರೆಯೇ ಕಳಚಿ ಬೀಳುತ್ತದೆ. ಸುಣ್ಣದ ಕೆಲಸದವರೇ ಬೇಕು. ಒಂದು ಮನೆ ಒಬ್ಬ ಗಾರೆಯವನಿಗೆ ವರ್ಷವಿಡೀ ಕೆಲಸ ಕೊಡಲಾರದು. ಹತ್ತಾರು ಮನೆ ನೋಡಿಕೊಳ್ಳುವ ಟ್ರಸ್ಟ್ ಕೊಡಬಲ್ಲದು, ಕಲಿಯುವ ಹುಡುಗರನ್ನೂ ಜೊತೆಗೆ ಹಾಕಬಲ್ಲದು.

ಇದೆಲ್ಲ ಆಗುವ ಮಾತಾ ಎನ್ನುವವರಿಗೆ ನಮ್ಮೂರಿನ ಉದಾಹರಣೆಯೇ ಇದೆ. 1923ರಲ್ಲಿ ಶಿರಸಿಯ ತೋಟಿಗರು ಸೇರಿ ಸೇಲ್ ಸೊಸೈಟಿ ಕಟ್ಟಿಕೊಂಡರು. ಅದು ಇಂದಿಗೂ ನಡೆಯುತ್ತಿದೆ. ಅಡಕೆ ಮಾರಲು ಒಟ್ಟಾದವರು ಅಡಕೆ ಒಣಗಿದ ಅಂಗಳ ಉಳಿಸಲೂ ಒಟ್ಟಾಗಬಹುದು.

ಮೊದಲು ಎಲ್ಲಿಂದ ಶುರು ಮಾಡಬೇಕು ಎಂದರೆ, ನನ್ನ ಮಟ್ಟಿಗೆ ಕರನಿರಾಕರಣೆಯ ಮನೆಗಳಿಂದ. 1930ರ ದಶಕದಲ್ಲಿ, ಸ್ವಾತಂತ್ರ್ಯ ಹೋರಾಟದ ಕಾಲಕ್ಕೆ, ಸಿದ್ದಾಪುರ, ಅಂಕೋಲೆ ಕಡೆ ಎಷ್ಟೋ ಕುಟುಂಬಗಳು ಕಂದಾಯ ಕೊಡದೆ ಮನೆ, ಜಮೀನು ಜಪ್ತಿ ಮಾಡಿಸಿಕೊಂಡವು. ಇವುಗಳಲ್ಲಿ ಇನ್ನೂ ನಿಂತಿರುವ ಮನೆ ಯಾವುವು, ತೋಟ ಯಾರ ಹೆಸರಲ್ಲಿದೆ, ಪಹಣಿ ಏನು ಹೇಳುತ್ತದೆ ಎಂಬ ಪಟ್ಟಿಯೊಂದು ಮೊದಲು ಆಗಲಿ. ಅಂಥ ಮನೆಯವರು ನಿಮ್ಮ ಪತ್ರಿಕೆಗೆ ಬರೆಯಲಿ, ನೀವು ಜಾಗ ಕೊಡಿ. ಟ್ರಸ್ಟ್ ಪತ್ರದ ಕರಡು ಮಾಡಲು ಸ್ಥಳೀಯ ವಕೀಲರು ಮುಂದೆ ಬಂದರೆ ಓಡಾಟದ ಕೆಲಸಕ್ಕೆ ನಾನು ತಯಾರಿದ್ದೇನೆ.

ಇತಿ,
ನಿಮ್ಮ ಓದುಗ,
ಶಿರಸಿ