ಎಂಜಿನ್ ಈಗ, ಫೋರ್-ವೀಲ್ ಆಮೇಲೆ: ಆ ಲೆಕ್ಕ ಇನ್ನು ಬೇಡ

ನಮ್ಮ ಗ್ರಾಹಕರಿಗೆ ನಮಸ್ಕಾರ.

ಹಳೆಯ ಪಿಕಪ್‌ಗೆ ಈಗ ಬೇರೆ ಎಂಜಿನ್ ಕೂರಿಸಿ, ಫೋರ್-ವೀಲ್ ಡ್ರೈವ್ ಆಮೇಲೆ ನೋಡೋಣ ಎನ್ನುವ ಕೆಲಸವನ್ನು ಮುಂದಿನ ತಿಂಗಳಿಂದ ನಾವು ಹಿಡಿಯುವುದಿಲ್ಲ. ಎರಡೂ ಬೇಕಿದ್ದರೆ ಒಟ್ಟಿಗೇ ಮಾಡುತ್ತೇವೆ. ಗಾಡಿಯ ಅಡಿಗೆ ಹೋಗಿ ಅಳತೆ ತೆಗೆಯುವ ತನಕ ಖರ್ಚನ್ನೂ ಹೇಳುವುದಿಲ್ಲ. ಫೋನಿನಲ್ಲಂತೂ ಕೇಳಲೇಬೇಡಿ.

ಇದು ದುಡ್ಡು ಮಾಡುವ ಹೊಸ ದಾರಿ ಎಂದು ಕೆಲವರು ಆಗಲೇ ಅಂದಿದ್ದೀರಿ. ಅದಕ್ಕಿಂತ ಜಾಸ್ತಿ ಕೇಳಿದ ಮಾತು ಇನ್ನೊಂದಿದೆ: "ಎಂಜಿನ್ ನಾನೇ ತಂದುಕೊಟ್ಟೆ, ನಾಲ್ಕು ಬೋಲ್ಟ್ ಬಿಗಿಯೋಕೆ ಇಷ್ಟು ಬಿಲ್ಲಾ?"

ನಾಲ್ಕು ಬೋಲ್ಟ್ ಆಗಿದ್ದರೆ ನಾವೂ ಖುಷಿಯಾಗಿರುತ್ತಿದ್ದೆವು. ಎಂಜಿನ್ ಹಿಡಿದಿಡಲು ಚಾಸಿಯ ಮೇಲಿರುವ ಹಳೆಯ ಮೌಂಟಿಂಗ್‌ಗೆ ಹೊಸ ಎಂಜಿನ್ ಹೊಂದುವುದಿಲ್ಲ, ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು. ಗೇರ್‌ಬಾಕ್ಸ್ ಹಳೆಯದೇ ಇರಲಿ ಎಂದರೆ ಬೋಲ್ಟಿನ ತೂತುಗಳು ಸೇರುವುದಿಲ್ಲ. ನಡುವೆ ಎರಡನ್ನೂ ಜೋಡಿಸುವ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಅದರ ಸೆಂಟರ್ ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗ್, ಕ್ಲಚ್ ಎರಡೂ ಹಾಳು. ಎಂಜಿನ್ ಹೊಸ ಕಾಲದ್ದಾದರೆ ವೈರಿಂಗ್ ಇನ್ನೊಂದು ಕಥೆ. ಮಾರಿದವರು ಅದನ್ನು ಬುಡದಲ್ಲೇ ಕತ್ತರಿಸಿ ಕೊಟ್ಟಿರುತ್ತಾರೆ. ಎಂಜಿನ್ ನಡೆಸುವ ಕಂಪ್ಯೂಟರ್, ಅಂದರೆ ಇಸಿಯು ಇಲ್ಲ, ಕೀ ಇಲ್ಲ. ಒಂದೊಂದು ತಂತಿ ಹುಡುಕುತ್ತಾ ಕೂತ ದಿನಗಳಿಗೆ ಕೂಲಿ ಯಾರು ಕೊಡಬೇಕು? ದಯವಿಟ್ಟು ಎಂಜಿನ್ ಜೊತೆ ವೈರಿಂಗ್, ಇಸಿಯು, ಕೀ ಮೂರನ್ನೂ ತನ್ನಿ. ಬಿಲ್ ಅಲ್ಲೇ ಎಷ್ಟೋ ಇಳಿಯುತ್ತದೆ.

ಫೋರ್-ವೀಲ್ ಎಂದರೆ ಗೇರ್‌ಬಾಕ್ಸಿನ ಹಿಂದೆ, ಎಂಜಿನ್ ಶಕ್ತಿಯನ್ನು ಮುಂದಿನ ಹಿಂದಿನ ಚಕ್ರಗಳೆರಡಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಬರುತ್ತದೆ. ಹಿಂದಿನ ಆಕ್ಸಲ್‌ಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ ಗಿಡ್ಡ ಮಾಡಿ ಮತ್ತೆ ಬ್ಯಾಲೆನ್ಸ್ ಮಾಡಿಸಬೇಕು. ಮುಂದಕ್ಕೆ ಹೊಸ ಶಾಫ್ಟ್ ಹಾಕಬೇಕು. ಮುಂದಿನ ಆಕ್ಸಲ್ ಎಂಜಿನ್ನಿನ ಕೆಳಗೇ ಬಂದು ಕೂರುತ್ತದೆ. ಅದಕ್ಕೆ ಜಾಗ ಬಿಡದೆ ಎಂಜಿನ್ ಕೂರಿಸಿದ್ದರೆ ಅದರ ಬುಡದ ಆಯಿಲ್ ತೊಟ್ಟಿ, ಅಂದರೆ ಆಯಿಲ್ ಸಂಪ್ ಅಡ್ಡ ಬರುತ್ತದೆ. ಆಗ ಎಂಜಿನ್ ಮತ್ತೆ ಎತ್ತಬೇಕು. ಮೌಂಟಿಂಗ್, ಸೈಲೆನ್ಸರ್ ಪೈಪ್, ಶಾಫ್ಟ್ ಎಲ್ಲ ಎರಡನೇ ಸಲ. ನಿಮ್ಮನ್ನು ಸಿಟ್ಟಿಗೆಬ್ಬಿಸಿದ ಬಿಲ್ ಇದೇ.

ಇಲ್ಲಿ ನಮ್ಮ ತಪ್ಪೂ ಇದೆ. ಕಳೆದ ವರ್ಷ ಒಂದು ಪಿಕಪ್‌ಗೆ ಹೀಗೇ ಎರಡು ಕಂತಿನಲ್ಲಿ ಕೆಲಸ ಮಾಡಿದೆವು. ಆಕ್ಸಲ್ ಹಾಕಿದಾಗ ಸಂಪಿಗೂ ಆಕ್ಸಲ್ಲಿನ ಗೇರ್ ಭಾಗವಾದ ಡಿಫರೆನ್ಶಿಯಲ್‌ಗೂ ನಡುವೆ ಬೆರಳು ತೂರಿಸಲೂ ಜಾಗವಿರಲಿಲ್ಲ. ಎಂಜಿನ್ ಇಳಿಸಿ ಮತ್ತೆ ಕೂರಿಸಿದೆವು, ಆ ಕೂಲಿಯನ್ನೂ ಬಿಲ್ಲಿಗೆ ಸೇರಿಸಿದೆವು. ಸೇರಿಸಬಾರದಿತ್ತು. ಕ್ಷಮಿಸಿ ಎಂದು ಹೇಳಿ ದುಡ್ಡು ವಾಪಸ್ ಕೊಟ್ಟಾಗಿದೆ. ಆದರೆ ವೆಲ್ಡಿಂಗೇ ಕಳಪೆ ಎಂದು ಸುದ್ದಿ ಹಬ್ಬಿದ್ದು ಮಾತ್ರ ನ್ಯಾಯವಲ್ಲ. ಆ ಮೌಂಟಿಂಗ್ ಇವತ್ತಿಗೂ ಕೂದಲಷ್ಟು ಬಿರುಕು ಬಿಟ್ಟಿಲ್ಲ. ಬೇಕಾದರೆ ಬಂದು ನೋಡಿ.

ಇನ್ನೊಂದು ಜಗಳವನ್ನೂ ಈಗಲೇ ಮುಗಿಸಿಬಿಡೋಣ. ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಆಕ್ಸಲ್ ತಂದರೆ ಹಾಕುವುದಿಲ್ಲ. ಆಕ್ಸಲ್ಲಿನೊಳಗಿನ ಕ್ರೌನ್-ಪಿನಿಯನ್ ಗೇರಿನ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಎಂಬುದು, ಹಿಂದೆ 4.10, ಮುಂದೆ 3.73 ಎಂದುಕೊಳ್ಳಿ. ಫೋರ್-ವೀಲ್ ಹಾಕಿದ ಕೂಡಲೇ ಮುಂದಿನ ಚಕ್ರ ಹಿಂದಿನದಕ್ಕಿಂತ ಶೇಕಡ 10ರಷ್ಟು ಜೋರಾಗಿ ತಿರುಗಲು ನೋಡುತ್ತದೆ. ಟೈರ್ ಸವೆಯುತ್ತದೆ, ಇಲ್ಲವೇ ಟ್ರಾನ್ಸ್‌ಫರ್ ಕೇಸ್ ಒಡೆಯುತ್ತದೆ. ಆಗ ಬೈಗುಳ ಯಾರಿಗೆ ಅಂತ ಗೊತ್ತೇ ಇದೆ ಅಲ್ವಾ?

ನಾವು ಈಗಾಗಲೇ ಎಂಜಿನ್ ಕೂರಿಸಿ ಕೊಟ್ಟಿರುವ ಗಾಡಿಗಳ ಮಾಲೀಕರು ಗಾಬರಿಯಾಗಬೇಡಿ. ನಿಮ್ಮ ಫೋರ್-ವೀಲ್ ಕೆಲಸ ಹಳೆಯ ಮಾತಿನಂತೆಯೇ ನಡೆಯುತ್ತದೆ. ಸಂಪ್ ಅಡ್ಡ ಬಂದರೆ ಆ ಕೂಲಿ ನಮ್ಮದು.

ಹೊಸಬರು ಬದಲಾವಣೆಗೆ ಬೇಕಾದ ಅನುಮತಿಯ ಕಾಗದ ಮೊದಲು ಮಾಡಿಸಿಕೊಳ್ಳಿ. ಅಳತೆಗೆ ಬರುವಾಗ ಗಾಡಿಯಲ್ಲಿ ಎಂದಿನ ಲೋಡ್ ಇರಲಿ. ಖಾಲಿ ಗಾಡಿಯ ಹಿಂಭಾಗ ಎತ್ತರದಲ್ಲಿರುತ್ತದೆ, ಶಾಫ್ಟಿನ ಕೋನ ಸರಿಯಾಗಿ ಸಿಗುವುದಿಲ್ಲ. ಅಳತೆ ತೆಗೆಯುವುದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ನಿಮ್ಮ ವರ್ಕ್‌ಶಾಪಿನವರು