ಓಟಿಪಿ ಉಪದೇಶದ ಜೊತೆಗೆ ಗ್ರಾಹಕರ ಹಕ್ಕನ್ನೂ ತಿಳಿಸಿ

ಮಾನ್ಯ ಸಂಪಾದಕರೇ,

ಸೈಬರ್ ವಂಚನೆಯ ಸುದ್ದಿಯಿಲ್ಲದೆ ದಿನಪತ್ರಿಕೆಯ ಜಿಲ್ಲಾ ಪುಟ ಮುಗಿಯುವುದೇ ಈಗ ಅಪರೂಪ. ಈ ಸುದ್ದಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿರುತ್ತವೆ: ಇಂಥ ಊರಿನ ಇಂಥವರ ಖಾತೆಯಿಂದ ಇಷ್ಟು ಲಕ್ಷ ಹೋಯಿತು, ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಠಾಣೆಯಲ್ಲಿ ಪ್ರಕರಣ ದಾಖಲಾಯಿತು, ಓಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬಾರದೆಂದು ಪೊಲೀಸರು ಮನವಿ ಮಾಡಿದ್ದಾರೆ. ಬ್ಯಾಂಕು ಏನು ಮಾಡಿತು, ನಿಯಮದ ಪ್ರಕಾರ ಏನು ಮಾಡಬೇಕಿತ್ತು ಎಂಬ ಒಂದು ಸಾಲೂ ಅಲ್ಲಿರುವುದಿಲ್ಲ. ಹಣ ಕಳೆದುಕೊಂಡವರು ದಡ್ಡರು, ಅನುಭವಿಸಲಿ ಎಂಬ ಭಾವನೆ ಮಾತ್ರ ಓದುಗರ ಮನಸ್ಸಿನಲ್ಲಿ ಉಳಿಯುತ್ತದೆ. ಬ್ಯಾಂಕುಗಳಿಗೆ ಇದಕ್ಕಿಂತ ಅನುಕೂಲಕರವಾದ ಭಾವನೆ ಬೇರೊಂದಿಲ್ಲ. ಗ್ರಾಹಕರು ಏನು ಮಾಡಬಾರದು ಎಂಬುದನ್ನು ವರ್ಷಗಟ್ಟಲೆ ಕೇಳಿದ್ದೇವೆ. ಹಣ ಹೋದ ಮೇಲೆ ಅವರಿಗಿರುವ ಹಕ್ಕೇನು ಎಂಬುದನ್ನು ಯಾರೂ ಹೇಳುತ್ತಿಲ್ಲವಾದ್ದರಿಂದ ಈ ಪತ್ರ.

ಓಟಿಪಿಯನ್ನು ಗುಟ್ಟಾಗಿಡಬೇಕೆಂಬ ಸಲಹೆ ತಪ್ಪೇನಲ್ಲ. ಆದರೆ ಕಳ್ಳರು ಅದನ್ನು ದಾಟಿ ಹೋಗಿ ಕಾಲವಾಯಿತು. 2023ರಲ್ಲಿ ನಮ್ಮ ರಾಜ್ಯದಲ್ಲೇ ಏನಾಯಿತೆಂಬುದನ್ನು ನೆನಪಿಸಿಕೊಳ್ಳಬಹುದು. ಜಮೀನು, ನಿವೇಶನ, ಮನೆಗಳ ನೋಂದಣಿಗೆಂದು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಿಬಂದವರ ಖಾತೆಗಳಿಂದ ಹಣ ಕಾಣೆಯಾಗತೊಡಗಿತು. ಯಾರೂ ಅವರಿಗೆ ಕರೆ ಮಾಡಿರಲಿಲ್ಲ, ಅವರ ಮೊಬೈಲಿಗೆ ಓಟಿಪಿಯೂ ಬಂದಿರಲಿಲ್ಲ. ನೋಂದಾಯಿತ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಬೆರಳಚ್ಚೂ ಇರುತ್ತಿದ್ದವು, ಆ ಪತ್ರಗಳ ಪ್ರತಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿತ್ತು. ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯಲು ಬೇಕಾಗುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು ಮತ್ತು ಬೆರಳಚ್ಚು ಮಾತ್ರ. ಒಂದು ಬಾರಿಗೆ 10,000 ರೂಪಾಯಿವರೆಗೆ ತೆಗೆಯಬಹುದು. ಪತ್ರದ ಮೇಲಿದ್ದ ಬೆರಳಚ್ಚಿನಿಂದ ನಕಲು ಅಚ್ಚು ತಯಾರಿಸಿ ಯಾವುದೋ ರಾಜ್ಯದ ಯಾವುದೋ ಮೂಲೆಯ ಯಂತ್ರದ ಮೇಲೆ ಒತ್ತಿದರೆ ಕೆಲಸ ಮುಗಿಯಿತು. ದೂರುಗಳು ಹೆಚ್ಚಿದ ಮೇಲೆ, ಪತ್ರಗಳ ಪ್ರತಿಯಲ್ಲಿ ಬೆರಳಚ್ಚನ್ನು ಮರೆಮಾಚುವ ಕ್ರಮವನ್ನು ಸರ್ಕಾರ ಪ್ರಕಟಿಸಿತು. ಬೇರೆಯವರು ಬೆರಳಚ್ಚು ಬಳಸಲಾಗದಂತೆ ಆಧಾರ್‌ನ ಬಯೊಮೆಟ್ರಿಕ್ ಲಾಕ್ ಮಾಡಿಕೊಳ್ಳಿ ಎಂದು ಜನರಿಗೆ ಹೇಳಲಾಯಿತು. ಸರ್ಕಾರಿ ಕಚೇರಿಯಲ್ಲಿ, ಸರ್ಕಾರವೇ ಕೇಳಿದ್ದರಿಂದ ಹೆಬ್ಬೆಟ್ಟು ಒತ್ತಿಬಂದ ಮನುಷ್ಯನಿಗೆ ‘ಓಟಿಪಿ ಹೇಳಬೇಡಿ’ ಎಂಬ ಬುದ್ಧಿಮಾತು ಯಾವ ಕೆಲಸಕ್ಕೆ ಬಂದೀತು?

ಈಗ ಹೆಚ್ಚು ಹಾವಳಿ ಮಾಡುತ್ತಿರುವುದು ಎಪಿಕೆ ಕಡತಗಳು, ಅಂದರೆ ಪ್ಲೇ ಸ್ಟೋರಿನ ಹಂಗಿಲ್ಲದೆ ಫೋನಿಗೆ ನೇರವಾಗಿ ಆ್ಯಪ್ ಹಾಕುವ ಕಡತಗಳು. ಮದುವೆಯ ಆಮಂತ್ರಣ, ಸಂಚಾರ ನಿಯಮ ಉಲ್ಲಂಘನೆಯ ಚಲನ್, ಪಿಎಂ ಕಿಸಾನ್ ಕಂತು ಎಂಬ ಹೆಸರುಗಳಲ್ಲಿ ಅವು ವಾಟ್ಸ್ಆ್ಯಪ್‌ಗೆ ಬರುತ್ತವೆ. ಕಳುಹಿಸಿದವರು ಅಪರಿಚಿತರೇ ಆಗಿರಬೇಕೆಂದಿಲ್ಲ. ಮೊದಲು ಸಿಕ್ಕಿಬಿದ್ದವರ ವಾಟ್ಸ್ಆ್ಯಪ್‌ನಿಂದಲೇ ಅದು ಅವರ ಬಂಧುಬಳಗಕ್ಕೆಲ್ಲ ಹೋಗಿರುತ್ತದೆ. ನನ್ನ ಪರಿಚಯದ ಗೊಬ್ಬರದ ಅಂಗಡಿಯವರೊಬ್ಬರಿಗೆ ಬಂದದ್ದು ಸೋದರಮಾವನ ಮಗನ ನಂಬರಿನಿಂದ, ಅದೂ ಆ ಮನೆಯಲ್ಲಿ ನಿಜವಾಗಿಯೂ ಮದುವೆ ಗೊತ್ತಾಗಿದ್ದಾಗ. ಕಡತವನ್ನು ಒತ್ತಿದರೆ, ಗೊತ್ತಿಲ್ಲದ ಮೂಲದಿಂದ ಬಂದ ಆ್ಯಪ್ ಇದು ಎಂದು ಫೋನ್ ಇಂಗ್ಲಿಷಿನಲ್ಲಿ ಎಚ್ಚರಿಸಿ, ಮರುಕ್ಷಣವೇ ಅನುಮತಿ ಕೊಡುವ ಪುಟವನ್ನೂ ತೆರೆದು ತೋರಿಸುತ್ತದೆ. ಮುಂದಿನ ಹಂತದಲ್ಲಿ ಎಸ್ಸೆಮ್ಮೆಸ್ ಓದಲು ಒಪ್ಪಿಗೆ ಕೇಳುತ್ತದೆ. ದಿನಕ್ಕೆ ಹತ್ತು ಕಡೆ ‘ಅಲೋ’ ಒತ್ತಿ ರೂಢಿಯಾದ ಬೆರಳು ಇಲ್ಲೂ ಒತ್ತುತ್ತದೆ. ಆಮಂತ್ರಣವಂತೂ ತೆರೆದುಕೊಳ್ಳುವುದಿಲ್ಲ, ಆ್ಯಪ್‌ನ ಗುರುತು ಕೂಡ ಪರದೆಯಿಂದ ಮರೆಯಾಗುತ್ತದೆ. ಆ ಬಳಿಕ ಬರುವ ಪ್ರತಿಯೊಂದು ಓಟಿಪಿಯೂ ಕಳ್ಳನಿಗೆ ತಾನಾಗಿ ರವಾನೆಯಾಗುತ್ತಿರುತ್ತದೆ. ಅಂಗಡಿಯವರು ಓಟಿಪಿಯನ್ನು ಯಾರಿಗೂ ಹೇಳಿರಲಿಲ್ಲ. ಅದು ಬಂದಿದ್ದೇ ಅವರಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಬಹಳಷ್ಟು ಮನೆಗಳಲ್ಲಿ ಅಪ್ಪನ ಬ್ಯಾಂಕು ಮತ್ತು ಮಗನ ವಿಡಿಯೊ ಗೇಮ್ ಇರುವುದು ಒಂದೇ ಫೋನಿನಲ್ಲಿ ಎಂಬುದನ್ನೂ ಇಲ್ಲಿ ಹೇಳಬೇಕು. ಗೇಮಿನಲ್ಲಿ ಹೊಸ ವೇಷ, ಬಂದೂಕು, ವಜ್ರಗಳು ಪುಕ್ಕಟೆ ಸಿಗುತ್ತವೆಂದು ಯಾರೋ ಕಳುಹಿಸಿದ ‘ಮಾಡ್’ ಆವೃತ್ತಿಯನ್ನು ಹುಡುಗ ಇಳಿಸಿಕೊಂಡಿರುತ್ತಾನೆ. ದೊಡ್ಡವರೂ ಕಡಿಮೆಯಿಲ್ಲ, ಬಿಡುಗಡೆಯಾದ ದಿನವೇ ಹೊಸ ಸಿನಿಮಾ ಬಿಟ್ಟಿ ನೋಡುವ ಆಸೆಗೆ ಟೆಲಿಗ್ರಾಮ್‌ನಲ್ಲಿ ಸಿಕ್ಕ ಆ್ಯಪನ್ನು ಅದೇ ಫೋನಿಗೆ ತುಂಬುತ್ತಾರೆ. ಇದಕ್ಕೆ ಗೇಮನ್ನೇ ಬೈಯುವವರ ಜೊತೆ ನಾನು ಸೇರಲಾರೆ. ಹಣ ಪಣಕ್ಕಿಡುವ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿತು, ಇ–ಸ್ಪೋರ್ಟ್ಸ್ ಮತ್ತು ಮನರಂಜನೆಯ ಆಟಗಳನ್ನು ಬೇರೆಯಾಗಿಯೇ ನೋಡಿತು. ಆ ವಿವೇಕ ಮನೆಗಳಲ್ಲೂ ಇರಲಿ. ಹುಡುಗ ಆಡಲಿ, ಆದರೆ ಪ್ಲೇ ಸ್ಟೋರಿನ ಹೊರಗಿನಿಂದ ಏನನ್ನೂ ಇಳಿಸದಂತೆ ಆ ಅನುಮತಿಯನ್ನು ಸೆಟ್ಟಿಂಗ್ಸ್‌ನಲ್ಲಿ ಮುಚ್ಚಿಟ್ಟರೆ ಅರ್ಧ ಗಂಡಾಂತರ ತಪ್ಪುತ್ತದೆ.

ಇನ್ನು ಹಕ್ಕಿನ ವಿಷಯ. 2017ರ ಜುಲೈ 6ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ಗ್ರಾಹಕರ ಅನುಮತಿಯಿಲ್ಲದೆ ಎಲೆಕ್ಟ್ರಾನಿಕ್ ಮಾರ್ಗದಲ್ಲಿ ಹಣ ಹೋದಾಗ ನಷ್ಟ ಯಾರದ್ದು ಎಂಬುದನ್ನು ಅದು ನಿರ್ಧರಿಸುತ್ತದೆ. ಬ್ಯಾಂಕಿನ ಲೋಪದಿಂದ ಹೋಗಿದ್ದರೆ ಗ್ರಾಹಕರ ಹೊಣೆ ಸೊನ್ನೆ, ಅವರು ತಿಳಿಸಿರಲಿ ಬಿಡಲಿ. ತಪ್ಪು ಬ್ಯಾಂಕಿನದ್ದೂ ಅಲ್ಲ ಗ್ರಾಹಕರದ್ದೂ ಅಲ್ಲ, ನಡುವಿನ ವ್ಯವಸ್ಥೆಯಲ್ಲೆಲ್ಲೋ ಆಗಿದೆ ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರ ಹೊಣೆಯೂ ಸೊನ್ನೆಯೇ. ನಾಲ್ಕರಿಂದ ಏಳನೇ ಕೆಲಸದ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಯವರ ಹೊಣೆ ಹೆಚ್ಚೆಂದರೆ 10,000 ರೂಪಾಯಿ, ಕನಿಷ್ಠ ಮೊತ್ತ ಇಡಬೇಕಿಲ್ಲದ ಮೂಲ ಉಳಿತಾಯ ಖಾತೆಯವರದ್ದು 5,000. ಸಂದೇಶ ಬಂದ ದಿನವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ, ಖಾತೆಯಿರುವ ಶಾಖೆಯ ರಜೆಗಳನ್ನೂ ಎಣಿಸುವಂತಿಲ್ಲ. ಗ್ರಾಹಕರೇ ಅಜಾಗ್ರತೆಯಿಂದ ಗುಪ್ತ ವಿವರ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದ್ದು. ತಿಳಿಸಿದ ಮೇಲೆ ಹೋದದ್ದೆಲ್ಲ ಬ್ಯಾಂಕಿನದ್ದು. ಅಷ್ಟಾಗಿಯೂ, ಗ್ರಾಹಕರ ಅಜಾಗ್ರತೆ ಇದ್ದಾಗಲೂ ಅವರ ಹೊಣೆಯನ್ನು ಮನ್ನಾ ಮಾಡುವ ವಿವೇಚನೆ ಬ್ಯಾಂಕಿಗಿದೆ ಎಂದು ಅದೇ ಸುತ್ತೋಲೆ ಹೇಳುತ್ತದೆ. ಎಲ್ಲಕ್ಕಿಂತ ಮುಖ್ಯವಾದ ಮಾತೆಂದರೆ, ತಪ್ಪು ಗ್ರಾಹಕರದ್ದು ಎಂದು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ. ತಿಳಿಸಿದ ಹತ್ತು ಕೆಲಸದ ದಿನಗಳೊಳಗೆ ಹೋದ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, 90 ದಿನಗಳೊಳಗೆ ದೂರನ್ನು ಇತ್ಯರ್ಥಗೊಳಿಸಬೇಕು. ಇಂಥದ್ದೇ ಸುತ್ತೋಲೆ ಅದೇ ವರ್ಷದ ಡಿಸೆಂಬರ್ 14ರಂದು ಸಹಕಾರಿ ಬ್ಯಾಂಕುಗಳಿಗೂ ಹೋಯಿತು. ಹಳ್ಳಿಯ ಹಣ ಹೆಚ್ಚಾಗಿ ಇರುವುದು ಅಲ್ಲೇ ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇಷ್ಟು ಸ್ಪಷ್ಟವಾದ ನಿಯಮ ಇಷ್ಟು ವರ್ಷಗಳಿಂದ ಇದ್ದೂ ನಮ್ಮ ಊರುಗಳಲ್ಲಿ ಅದು ಯಾರಿಗೂ ಗೊತ್ತಿಲ್ಲವೆಂದರೆ, ಗೊತ್ತಾಗಿಸುವ ಆಸಕ್ತಿ ಯಾರಿಗೂ ಇಲ್ಲ ಎಂದೇ ಅರ್ಥ. ಮೇಲೆ ಹೇಳಿದ ಅಂಗಡಿಯವರು ಮರುದಿನವೇ ಶಾಖೆಗೆ ಹೋಗಿದ್ದರು. ಅಲ್ಲಿ ಅವರಿಗೆ ಸಿಕ್ಕ ಉತ್ತರ, ಮೊದಲು ಎಫ್‌ಐಆರ್ ತನ್ನಿ ಎಂಬುದು. ಠಾಣೆಗೆ ಹೋದರೆ, ಮೊದಲು ಬ್ಯಾಂಕಿನ ಸ್ಟೇಟ್‌ಮೆಂಟ್ ತನ್ನಿ. ಹಣ ಜಮೆ ಮಾಡುವ ಹತ್ತು ದಿನಗಳ ಎಣಿಕೆ ಗ್ರಾಹಕರು ಬ್ಯಾಂಕಿಗೆ ತಿಳಿಸಿದ ದಿನದಿಂದ ಶುರುವಾಗುತ್ತದೆಯೇ ಹೊರತು ಎಫ್‌ಐಆರ್ ದಾಖಲಾದ ದಿನದಿಂದಲ್ಲ ಎಂಬ ಒಂದು ಮಾತನ್ನು ಕೌಂಟರಿನಲ್ಲಿದ್ದ ಹುಡುಗಿ ಹೇಳಿದ್ದರೆ, ಅಂಗಡಿಯವರು ಅಂದೇ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದಿರುತ್ತಿದ್ದರು. ಆ ಹುಡುಗಿಯನ್ನು ದೂರಿ ಪ್ರಯೋಜನವಿಲ್ಲ, ವಿಮೆ ಮಾರುವುದನ್ನು ಕಲಿಸಿದಷ್ಟು ಶ್ರದ್ಧೆಯಿಂದ ಇದನ್ನು ಆಕೆಗೆ ಯಾರೂ ಕಲಿಸಿರಲಾರರು.

ಆ್ಯಪ್ ಹಾಕಿಕೊಂಡದ್ದೇ ಗ್ರಾಹಕರ ತಪ್ಪಲ್ಲವೇ ಎಂದು ಕೇಳುವವರಿದ್ದಾರೆ. ಈ ಪ್ರಶ್ನೆ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ಅಸ್ಸಾಮಿನ ಗ್ರಾಹಕರೊಬ್ಬರು ಆನ್‌ಲೈನಿನಲ್ಲಿ ಕೊಂಡ ಬಟ್ಟೆಯನ್ನು ಹಿಂದಿರುಗಿಸಲು ಹೊರಟಾಗ, ಕಸ್ಟಮರ್ ಕೇರ್ ಸೋಗಿನಲ್ಲಿ ಮಾತನಾಡಿದವನೊಬ್ಬ ಅವರ ಫೋನಿಗೆ ಆ್ಯಪ್ ಹಾಕಿಸಿದ. 94 ಸಾವಿರ ರೂಪಾಯಿಗೂ ಹೆಚ್ಚು ಹೋಯಿತು. ಅವರು 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. 2017ರ ಆ ಸುತ್ತೋಲೆಯನ್ನೇ ಆಧರಿಸಿ ಗುವಾಹಟಿ ಹೈಕೋರ್ಟ್ ಹಣ ಹಿಂದಿರುಗಿಸಲು ಆದೇಶಿಸಿತು, ಸ್ಟೇಟ್ ಬ್ಯಾಂಕ್ ಸಲ್ಲಿಸಿದ್ದ ಮೇಲ್ಮನವಿಯನ್ನು ಸುಪ್ರೀಂ ಕೋರ್ಟ್ 2025ರ ಜನವರಿ 3ರಂದು ವಜಾ ಮಾಡಿತು. ಗ್ರಾಹಕರೂ ಎಚ್ಚರವಾಗಿರಬೇಕು, ಓಟಿಪಿ ಹಂಚಿಕೊಳ್ಳಬಾರದು ಎಂದೂ ನ್ಯಾಯಾಲಯ ಹೇಳಿತು. ಆದರೆ ಇಂಥ ವಹಿವಾಟನ್ನು ಪತ್ತೆಹಚ್ಚಿ ತಡೆಯುವ ತಂತ್ರಜ್ಞಾನ ಬ್ಯಾಂಕಿನ ಕೈಯಲ್ಲಿರುವುದರಿಂದ ಅದಕ್ಕೆ ಹೊಣೆಯಿಂದ ನುಣುಚಿಕೊಳ್ಳಲು ಬಿಡಲಿಲ್ಲ. ಪೊಲೀಸರ ಮನವಿಯಷ್ಟೇ ದೊಡ್ಡ ಅಕ್ಷರಗಳಲ್ಲಿ ಈ ಸುದ್ದಿಯೂ ಬರಬೇಕಿತ್ತು.

ಎಲ್ಲ ವಂಚನೆಗೂ ಈ ನಿಯಮ ಒದಗುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಪೊಲೀಸರ ಸೋಗಿನಲ್ಲಿ ಕರೆ ಮಾಡಿ ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸಿ ಅಥವಾ ಷೇರಿನಲ್ಲಿ ದುಪ್ಪಟ್ಟು ಲಾಭದ ಆಸೆ ತೋರಿಸಿ, ಖಾತೆದಾರರ ಕೈಯಿಂದಲೇ ಹಣ ಕಳುಹಿಸಿಕೊಂಡರೆ ಅದು ಅನುಮತಿಯಿಲ್ಲದ ವಹಿವಾಟೆಂದು ವಾದಿಸುವುದು ಕಷ್ಟ. ಅಲ್ಲಿ ಉಳಿಯುವ ದಾರಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕೂಡಲೇ ಕರೆ ಮಾಡುವುದು. ಹಣ ಖಾತೆಯಿಂದ ಖಾತೆಗೆ ಹಾರುವ ಮೊದಲೇ ತಡೆಹಿಡಿಸಲು ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಆದರೂ ಅಲ್ಲಿ ಬ್ಯಾಂಕಿನ ಪಾತ್ರವೇ ಇಲ್ಲವೆನ್ನಲಾಗದು. ದೋಚಿದ ಹಣ ಹೋಗಿ ಸೇರುವುದೂ ಒಂದು ಬ್ಯಾಂಕ್ ಖಾತೆಗೇ, ಅದನ್ನು ತೆರೆಯುವಾಗ ಕೆವೈಸಿ ಮಾಡಿದ್ದೂ ಒಂದು ಬ್ಯಾಂಕೇ. ಕೂಲಿಯವನ ಹೆಸರಿನ ಖಾತೆಗೆ ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ಲಕ್ಷಗಳು ಬಂದು, ಸಂಜೆಯೊಳಗೆ ಖಾಲಿಯಾದರೂ ಅನುಮಾನ ಬಾರದ ಬ್ಯಾಂಕು, ಗೃಹಸಾಲದ ಅರ್ಜಿದಾರರಿಗೆ ಮೂರು ವರ್ಷದ ಹಳೆಯ ಚೆಕ್ಕೊಂದರ ವಿವರಣೆ ಕೇಳುತ್ತದೆ.

ಎಸ್ಸೆಮ್ಮೆಸ್‌ಗಳ ಬಗ್ಗೆಯೂ ಹೇಳಲೇಬೇಕು. ಹಣ ಹೋದ ಸಂದೇಶಕ್ಕೆ ಗ್ರಾಹಕರು ನೇರವಾಗಿ ಮರುತ್ತರ ಕೊಟ್ಟೇ ಆಕ್ಷೇಪ ಸಲ್ಲಿಸುವಂತಿರಬೇಕು, ಅದಕ್ಕಾಗಿ ಜಾಲತಾಣವನ್ನೋ ಇಮೇಲ್ ವಿಳಾಸವನ್ನೋ ಹುಡುಕುವಂತಾಗಬಾರದು ಎಂದು 2017ರ ಸುತ್ತೋಲೆಯಲ್ಲೇ ಇದೆ. ನಿಮ್ಮ ಓದುಗರು ಈಗಲೇ ತಮ್ಮ ಫೋನ್ ತೆರೆದು ಬ್ಯಾಂಕಿನ ಕೊನೆಯ ಸಂದೇಶಕ್ಕೆ ಉತ್ತರ ಬರೆಯಲು ಆಗುತ್ತದೆಯೇ ನೋಡಲಿ. ನನ್ನ ಖಾತೆಯಿರುವ ಬ್ಯಾಂಕಿನ ಸಂದೇಶಕ್ಕೆ ಉತ್ತರಿಸಲಾಗದು. ಎಲ್ಲವೂ ಇಂಗ್ಲಿಷಿನ ತುಂಡು ಅಕ್ಷರಗಳು, ಕೊನೆಯಲ್ಲಿ ‘ನಾಟ್ ಯು?’ ಎಂದು ಕೇಳಿ ಹನ್ನೊಂದು ಅಂಕಿಗಳ ನಂಬರ್. ಆ ನಂಬರಿಗೆ ಕರೆ ಮಾಡಿದರೆ ಮೊದಲು ಸಾಲದ ಕೊಡುಗೆಯ ಜಾಹೀರಾತು ಕೇಳಬೇಕು. ಠೇವಣಿಯ ಪ್ರಚಾರಕ್ಕೆ ಕನ್ನಡದಲ್ಲಿ ಸೊಗಸಾಗಿ ಬರೆಯಬಲ್ಲ ಬ್ಯಾಂಕುಗಳಿಗೆ, ‘ನಿಮ್ಮ ಖಾತೆಯಿಂದ 5,000 ರೂಪಾಯಿ ಹೋಗಿದೆ, ಇದು ನೀವು ಮಾಡಿದ್ದಲ್ಲವಾದರೆ ಇಲ್ಲೇ 1 ಎಂದು ಉತ್ತರಿಸಿ’ ಎಂಬ ಒಂದು ಸಾಲನ್ನು ಕನ್ನಡದಲ್ಲಿ ಕಳುಹಿಸಲು ಯಾವ ಅಡ್ಡಿಯಿದೆಯೋ ತಿಳಿಯದು. ಜನಸಾಮಾನ್ಯರು ಬಳಸುವ ಅರ್ಜಿ, ಚಲನ್, ಪಾಸ್‌ಬುಕ್‌ಗಳು ಪ್ರಾದೇಶಿಕ ಭಾಷೆಯಲ್ಲೂ ಇರಬೇಕೆಂಬುದು ರಿಸರ್ವ್ ಬ್ಯಾಂಕಿನದೇ ಸೂಚನೆ. ಚಲನ್ ತುಂಬುವವರೇ ಕಡಿಮೆಯಾಗಿರುವ ಈ ದಿನಗಳಲ್ಲಿ ಅದು ಎಸ್ಸೆಮ್ಮೆಸ್‌ಗೂ ಅನ್ವಯವಾಗಬೇಡವೇ? ಕನ್ನಡದ ಸಂದೇಶ ಕೇಳಲು ರಾಜ್ಯ ಮಟ್ಟದ ಬ್ಯಾಂಕರುಗಳ ಸಮಿತಿಯ ಸಭೆಗಿಂತ ಸೂಕ್ತವಾದ ಜಾಗವಿಲ್ಲ, ನಮ್ಮ ಸರ್ಕಾರದ ಪ್ರತಿನಿಧಿಗಳು ಅಲ್ಲಿ ಕುಳಿತಿರುತ್ತಾರೆ.

ನಿಮ್ಮ ಪತ್ರಿಕೆಯಿಂದ ಒಂದು ನಿರೀಕ್ಷೆ ಇದೆ. ಇಂಥ ಸುದ್ದಿಯ ಕೆಳಗೆ, ಓಟಿಪಿಯ ಸಲಹೆಯ ಪಕ್ಕದಲ್ಲೇ, 1930ಕ್ಕೆ ಕರೆ ಮಾಡುವುದರ ಜೊತೆಗೆ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ಬರವಣಿಗೆಯಲ್ಲಿ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕೆಂದೂ, 30 ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದೆಂದೂ ಪ್ರಕಟಿಸಬೇಕು. ಮಾಹಿತಿಗೆ ರಿಸರ್ವ್ ಬ್ಯಾಂಕಿನ ದೂರವಾಣಿ ಸಂಖ್ಯೆ 14448 ಇದೆ. ಜೊತೆಗೆ ವರದಿಗಾರರು ಠಾಣೆಯಿಂದ ಹಾಗೇ ಹಿಂದಿರುಗದೆ ಸಂಬಂಧಪಟ್ಟ ಶಾಖೆಗೂ ಹೋಗಿ, ಗ್ರಾಹಕರು ತಿಳಿಸಿದ ಹತ್ತು ಕೆಲಸದ ದಿನಗಳಲ್ಲಿ ಹಣ ಜಮೆಯಾಯಿತೇ, ಆಗದಿದ್ದರೆ ಅವರ ತಪ್ಪನ್ನು ಬ್ಯಾಂಕು ಯಾವ ದಾಖಲೆಯಿಂದ ಸಾಬೀತುಪಡಿಸಿತು ಎಂದು ವ್ಯವಸ್ಥಾಪಕರನ್ನು ಕೇಳಿ, ಅವರು ಕೊಟ್ಟ ಉತ್ತರವನ್ನು, ಉತ್ತರಿಸಲು ನಿರಾಕರಿಸಿದರೆ ಆ ನಿರಾಕರಣೆಯನ್ನು, ಸುದ್ದಿಯಲ್ಲಿ ಸೇರಿಸಬೇಕೆಂದು ಕೋರುತ್ತೇನೆ.

ಇತಿ ವಿಶ್ವಾಸಿ,
ಒಬ್ಬ ಓದುಗ, ಚಿತ್ರದುರ್ಗ