ಅಮ್ಮನ ನಂತರ ಮನೆ ಎಲ್ಲಿ?

ಮಾನ್ಯ ಸಂಪಾದಕರೇ,

ನನ್ನ ತಮ್ಮನಿಗೆ ಈಗ 38. ಬುದ್ಧಿ ಬೆಳವಣಿಗೆ ನಿಧಾನ. ಬೆಳಗ್ಗೆ ತಾನೇ ಎದ್ದು ಹಾಲಿನ ಪ್ಯಾಕೆಟ್ ತರುತ್ತಾನೆ. ಚಿಲ್ಲರೆ ಲೆಕ್ಕ ಗೊತ್ತಾಗುವುದಿಲ್ಲ, ಅಂಗಡಿಯವರು ಕೊಟ್ಟಿದ್ದನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ತಂದು ಅಮ್ಮನ ಕೈಗೆ ಸುರಿಯುತ್ತಾನೆ. ಕಾಫಿಯನ್ನೂ ಮಾಡುತ್ತಾನೆ, ಗ್ಯಾಸ್ ಆಫ್ ಮಾಡಲು ಮಾತ್ರ ಯಾರಾದರೂ ನೆನಪಿಸಬೇಕು. ಅಷ್ಟಕ್ಕೆ ದಿನವಿಡೀ ಕಾವಲು ಯಾಕೆ?

ಅಮ್ಮನಿಗೆ 71 ಆಯಿತು. ಮುಂದೇನು ಅಂತ ಹುಡುಕಲು ಹೊರಟಾಗ ಊರಾಚೆಯ ಒಂದು ಆಶ್ರಮ ನೋಡಿದೆವು. ಸಾಲು ಮಂಚ, ಗೇಟಿಗೆ ಬೀಗ. ಅಲ್ಲಿ ಅವನು ಹಾಲು ತರಲು ಎಲ್ಲಿಗೆ ಹೋಗಬೇಕು? ನಮ್ಮ ಬೀದಿಯಲ್ಲೇ ಅವನಿಗೊಂದು ಬಾಡಿಗೆ ಮನೆ ಕೇಳಿದರೆ, ‘ಅಕ್ಕಪಕ್ಕದವರು ಏನಂತಾರೋ’ ಅಂತ ಮಾಲೀಕರು ಜಾರಿಕೊಂಡರು.

ಎಲ್ಲರ ನಡುವೆ ಬದುಕುವ ಹಕ್ಕು ಇಂಥವರಿಗೂ ಇದೆ ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಇಂಥ ಕಡೆಯೇ ಇರಬೇಕು ಅಂತ ಅವರನ್ನು ಕಟ್ಟಿಹಾಕದಂತೆ ನೋಡಿಕೊಳ್ಳಲು ಸರ್ಕಾರ ಯತ್ನಿಸಬೇಕು ಎಂದೂ ಅದರಲ್ಲಿದೆ. ಇಂಥವರಿಗಾಗಿ ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ‘ಸಮರ್ಥ್-ಕಮ್-ಘರೌಂದಾ’ ವಸತಿ ಯೋಜನೆ ಇದೆ, ನಿಜ. ಆದರೆ ಅದೂ ಗುಂಪಾಗಿ ಇರಿಸಿ ನೋಡಿಕೊಳ್ಳುವ ವ್ಯವಸ್ಥೆಯೇ. ಜಾಸ್ತಿ ಆರೈಕೆ ಬೇಕಾದವರಿಗೆ ಅದು ಬೇಕೇ ಬೇಕು, ನಮ್ಮ ಹುಡುಗನಿಗಲ್ಲ.

ಸರ್ಕಾರ ಕಟ್ಟಿಸುವ ವಸತಿ ಸಮುಚ್ಚಯಗಳಲ್ಲಿ ಎರಡು ಫ್ಲ್ಯಾಟ್ ಇವರಿಗೆ ಮೀಸಲಿಡಲಿ. ಒಂದರಲ್ಲಿ ಇಬ್ಬರೋ ಮೂವರೋ ಇರಲಿ. ದಿನಕ್ಕೆರಡು ಸಲ ಬಂದು ಒಲೆ, ಮಾತ್ರೆ, ದುಡ್ಡಿನ ಲೆಕ್ಕ ನೋಡಿಹೋಗುವ ಸಹಾಯಕರಿಗೆ ಸಂಬಳ ಕೊಡಲಿ. ಬಾಗಿಲಿನ ಕೀಲಿ ಮಾತ್ರ ಅಲ್ಲಿ ವಾಸಿಸುವವರ ಕೈಯಲ್ಲೇ ಇರಲಿ.

– ಓದುಗರೊಬ್ಬರು, ಮೈಸೂರು